ಕರೆಂಟ್ ಹೋದಾಗ ಮಾತ್ರ ನೆಟ್‌ವರ್ಕ್ ಸರಿಯಾಗುತ್ತಿದ್ದರೆ ಅಕ್ಕಪಕ್ಕದಲ್ಲಿ ಬೂಸ್ಟರ್ ಇದೆಯೇ ನೋಡಿ

ಮಲೆನಾಡಿನ ಒಂದು ಕಣಿವೆ. ಮೂರು ವಾರ ಇಡೀ ಕೇರಿಯಲ್ಲಿ ಫೋನ್ ಮಾತು ಅರ್ಧಕ್ಕೇ ಕಟ್ಟಾಗುತ್ತಿತ್ತು. ಕಡ್ಡಿ ಮೂರು ನಾಲ್ಕು ಕಾಣುತ್ತಿದ್ದವು, ಆಚೆಯವರ ದನಿ ಕೇಳುತ್ತಿತ್ತು, ಈಚೆಯವರದು ಮಾತ್ರ ಅವರಿಗೆ ಮುಟ್ಟುತ್ತಿರಲಿಲ್ಲ. ಕರೆಂಟ್ ಹೋದ ಕೂಡಲೇ ಎಲ್ಲ ಸರಿ. ಕೊನೆಗೆ ಎಂಜಿನಿಯರುಗಳು ದಿಕ್ಕು ಹಿಡಿಯುವ ಆಂಟೆನಾ, ಅಲೆಗಳನ್ನು ಅಳೆದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ತಂದು ತೋಟಗಳನ್ನು ಸುತ್ತಿದಾಗ ಸಿಕ್ಕಿದ್ದು ಒಂದು ಹೆಂಚಿನ ಮನೆಯ ಜಗಲಿಯಲ್ಲಿದ್ದ ಮೊಬೈಲ್ ಬೂಸ್ಟರ್, ಅಂದರೆ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ. ಆನ್‌ಲೈನಿನಲ್ಲಿ ಆರೂವರೆ ಸಾವಿರ ಕೊಟ್ಟು ತರಿಸಿದ್ದು. ಪೆಟ್ಟಿಗೆ ಜಪ್ತಿಯಾಯಿತು, ಮನೆಯವರಿಗೆ ನೋಟಿಸ್ ಬಂತು, ಮಾರಿದವರು ಫೋನೇ ಎತ್ತಲಿಲ್ಲ.

ಆ ಮನೆಯವರು ಅದನ್ನು ಕೊಂಡ ಸಮಯ ಗಮನಿಸಿ. ಗುಡ್ಡದ ಮೇಲಿನ ಟವರಿನಲ್ಲಿ ಹಳೆಯ ಆಂಟೆನಾ ಇಳಿಸಿ ಹೊಸ 4ಜಿ ಆಂಟೆನಾ ಏರಿಸುವ ಕೆಲಸ ನಡೆದಿತ್ತು. ಇಂಥ ಕೆಲಸದಲ್ಲಿ ಟವರಿನ ಸೆಕ್ಟರ್, ಅಂದರೆ ಒಂದೊಂದು ಬದಿಗೆ ಸಿಗ್ನಲ್ ಕೊಡುವ ಭಾಗ, ದಿನಗಟ್ಟಲೆ ಬಂದ್ ಆಗುವುದು ಸಾಮಾನ್ಯ. ಆಮೇಲೆ ಆಂಟೆನಾ ಎಷ್ಟು ಬಾಗಬೇಕು ಎಂದು ಹೊಂದಿಸಲು ಇನ್ನೂ ಕೆಲವು ವಾರ ಹಿಡಿಯುತ್ತದೆ. ಆಗ ಸಿಗ್ನಲ್ ಬಿದ್ದದ್ದನ್ನು ನೋಡಿ ಗಾಬರಿಯಾಗಿ ದುಡ್ಡು ಸುರಿಯಬೇಡಿ. ಟವರಿನ ಮೇಲೆ ಕೆಲಸದವರು ಕಂಡರೆ ಒಂದು ತಿಂಗಳಾದರೂ ಕಾಯಿರಿ.

ಬೂಸ್ಟರ್ ಕೇರಿಯನ್ನೆಲ್ಲ ಕೆಡಿಸಿದ್ದು ಹೇಗೆ? ಇದರಲ್ಲಿ ಎರಡು ಆಂಟೆನಾ: ಟವರಿನ ಕಡೆಗೆ ಹೊರಗೊಂದು, ಮನೆಯೊಳಗೊಂದು. ನಡುವಿನ ಪೆಟ್ಟಿಗೆ ಸಿಗ್ನಲ್ಲನ್ನು 70 ಡೆಸಿಬೆಲ್‌ವರೆಗೆ ಹಿಗ್ಗಿಸುತ್ತದೆ (ಸಿಗ್ನಲ್ ಎಷ್ಟು ಹೆಚ್ಚಿತು, ಎಷ್ಟು ಕುಗ್ಗಿತು ಎಂಬುದರ ಅಳತೆ ಡೆಸಿಬೆಲ್). ಒಳಗಿನ ಆಂಟೆನಾದ ಅಲೆ ಹೊರಗಿನದಕ್ಕೆ ವಾಪಸ್ ಮುಟ್ಟಬಾರದು. ಅದಕ್ಕೆ ಎರಡರ ನಡುವೆ ಕನಿಷ್ಠ 85 ಡೆಸಿಬೆಲ್ ತಡೆ ಬೇಕು. ಆ ಮನೆಯಲ್ಲಿ ಎರಡಕ್ಕೂ ಅಂತರ 4 ಮೀಟರ್, ಮಧ್ಯೆ ಹೆಂಚು. 4 ಮೀಟರ್ ಗಾಳಿಯಲ್ಲಿ 900 ಮೆಗಾಹರ್ಟ್ಸ್ ಅಲೆ ಕಳೆದುಕೊಳ್ಳುವುದು ಸುಮಾರು 44 ಡೆಸಿಬೆಲ್. ಹೆಂಚು, ಆಂಟೆನಾದ ದಿಕ್ಕು ಎಲ್ಲ ಸೇರಿಸಿದರೂ 65 ದಾಟುವುದು ಕಷ್ಟ. ಆಗ ಮೈಕನ್ನು ಸ್ಪೀಕರಿನ ಎದುರು ಹಿಡಿದ ಹಾಗೆ ಪೆಟ್ಟಿಗೆ ತಾನೇ ಕೂಗತೊಡಗುತ್ತದೆ. ನಮಗೆ ಕೇಳದ ಆ ಕೂಗು ನೇರ ಟವರಿನ ಕಿವಿಗೆ ಹೋಗುತ್ತದೆ. 4ಜಿಯಲ್ಲಿ ಮೊಬೈಲ್ ಫೋನ್ ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್‌ನಲ್ಲಿ ಮಾತಾಡುತ್ತದೆ. ದೂರದ ಮನೆಗಳ ಫೋನುಗಳು ಮೊದಲೇ ಆ ಗರಿಷ್ಠದಲ್ಲಿರುತ್ತವೆ, ಗದ್ದಲ ಮೀರಿ ಕೂಗಲು ಅವುಗಳಲ್ಲಿ ಶಕ್ತಿ ಉಳಿದಿರುವುದಿಲ್ಲ. ಕಡ್ಡಿ ತೋರಿಸುವುದು ಟವರಿನಿಂದ ಬರುವ ಸಿಗ್ನಲ್ಲನ್ನು ಮಾತ್ರ. ನಿಮ್ಮ ದನಿ ಟವರನ್ನು ಮುಟ್ಟಿತೇ ಎಂಬುದನ್ನು ಅಲ್ಲ. ಕಡ್ಡಿ ತುಂಬಿದ್ದೂ ಮಾತು ಕಟ್ಟಾದದ್ದು ಇದಕ್ಕೇ.

ಕಾನೂನಿನ ಮಾತು ಚಿಕ್ಕದು. ರಿಪೀಟರ್, ಬೂಸ್ಟರ್ ಹಾಕುವ ಹಕ್ಕು ಪರವಾನಗಿ ಇರುವ ಮೊಬೈಲ್ ಕಂಪನಿಗಳಿಗೆ ಮಾತ್ರ. ಅನುಮತಿಯಿಲ್ಲದೆ ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಜಿಎಸ್‌ಟಿ ಬಿಲ್ ಇದೆ, ದೊಡ್ಡ ತಾಣದಲ್ಲೇ ಸಿಗುತ್ತದೆ ಎಂಬುದು ಅನುಮತಿಯಲ್ಲ.

ಖರ್ಚು ಮಾಡುವ ಮುಂಚೆ ಅಳತೆ ಮಾಡಿ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಆರ್‌ಎಸ್‌ಆರ್‌ಪಿ, ಅಂದರೆ ಟವರಿನಿಂದ ಬರುವ ಸಿಗ್ನಲ್ಲಿನ ಬಲ ಎಷ್ಟೆಂಬ ಅಂಕಿ ಕಾಣುತ್ತದೆ. ನೆಟ್‌ಮಾನ್‌ಸ್ಟರ್ ಆ್ಯಪ್ ಬ್ಯಾಂಡನ್ನೂ (ಯಾವ ತರಂಗಾಂತರದ ಪಟ್ಟಿ) ಸೆಲ್ ಐಡಿಯನ್ನೂ (ಟವರಿನ ಯಾವ ಭಾಗ ಎಂಬ ಗುರುತಿನ ಸಂಖ್ಯೆ) ತೋರಿಸುತ್ತದೆ. ಆರ್‌ಎಸ್‌ಆರ್‌ಪಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ದುರ್ಬಲ, ಮೈನಸ್ 120 ದಾಟಿದರೆ ಮಾತು ಕಟ್ಟಾಗುತ್ತದೆ. 4ಜಿ ಸೆಲ್ ಐಡಿಯನ್ನು 256ರಿಂದ ಭಾಗಿಸಿದರೆ ಬರುವ ಪೂರ್ಣಾಂಕ ಟವರಿನ ಗುರುತು, ಶೇಷ ಅದರ ಸೆಲ್ಲಿನದು. ಈ ಅಂಕಿಗಳನ್ನೆಲ್ಲ ಜಗಲಿ, ಅಂಗಳ, ಅಟ್ಟ ಮೂರೂ ಕಡೆ ಬೆಳಿಗ್ಗೆ, ರಾತ್ರಿ ಒಂದು ವಾರ ಬರೆದಿಡಿ. ಟವರ್ ಗುರುತು ಅದೇ ಇದ್ದು ಹೊಸ ಬ್ಯಾಂಡ್ ಕಂಡರೆ ಅಪ್‌ಗ್ರೇಡ್ ಆಗಿದೆ ಎಂದರ್ಥ. ಬ್ಯಾಂಡ್ 8 ಅಂದರೆ 900 ಮೆಗಾಹರ್ಟ್ಸ್, ಬ್ಯಾಂಡ್ 5 ಅಂದರೆ 850, ಬ್ಯಾಂಡ್ 28 ಅಂದರೆ 700. ಇವು ಗುಡ್ಡ, ಮರ ದಾಟಿ ಬರುವುದರಲ್ಲಿ ಮೇಲು. ಬ್ಯಾಂಡ್ 40 ಅಂದರೆ 2300, ವೇಗ ಕೊಡುತ್ತದೆ, ಆದರೆ ತೋಟದ ಮರೆಯಲ್ಲಿ ಬೇಗ ಸೋಲುತ್ತದೆ. ಹಳೆಯ ಫೋನಿಗೆ ಬ್ಯಾಂಡ್ 28 ಇಲ್ಲದಿರಬಹುದು, ಕೊಂಡ ಡಬ್ಬಿಯ ಮೇಲೋ ಕಂಪನಿಯ ತಾಣದಲ್ಲೋ ನೋಡಿಕೊಳ್ಳಿ.

ಅಂಗಳದಲ್ಲಿ ಮೈನಸ್ 110 ಸಿಕ್ಕರೂ ಸಾಕು, ಕಾನೂನುಬದ್ಧ ದಾರಿಯಿದೆ. ಹೊರಗಿನ ಆಂಟೆನಾಕ್ಕೆ ಎರಡು ಪಿನ್ ಇರುವ 4ಜಿ ಸಿಮ್ ರೂಟರ್ ತನ್ನಿ. ಎರಡು ಆಂಟೆನಾವನ್ನು ಒಂದಕ್ಕೊಂದು 90 ಡಿಗ್ರಿ ತಿರುಗಿಸಿ ಒಂದೇ ಕಂಬಕ್ಕೆ ಕಟ್ಟಿ ಟವರಿನತ್ತ ಮುಖಮಾಡಿಸಿ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಜಗಲಿಯಲ್ಲೇ ಮಾತಾಡಬಹುದು. ಕೇಬಲ್‌ನಲ್ಲಿ ಕಂಜೂಸಿ ಬೇಡ: ಆರ್‌ಜಿ 58 ಎಂಬ ತೆಳು ಕೇಬಲ್ 900ರಲ್ಲಿ 10 ಮೀಟರಿಗೆ ಸುಮಾರು 5 ಡೆಸಿಬೆಲ್ ನುಂಗುತ್ತದೆ, ಎಲ್‌ಎಂಆರ್ 400 ಸುಮಾರು 1.3. ಕಂಬಕ್ಕೆ ಅರ್ಥಿಂಗ್ ಕೊಡದಿದ್ದರೆ ಮಳೆಗಾಲದ ಮೊದಲ ಸಿಡಿಲಿಗೇ ರೂಟರ್ ಹೋದೀತು.

ಅಂಗಳದಲ್ಲೂ ಏನೂ ಇಲ್ಲವೆಂದರೆ ನಿಮ್ಮ ಮೊಬೈಲ್ ಕಂಪನಿಯ 198ಕ್ಕೆ ದೂರು ಕೊಟ್ಟು ದೂರಿನ ನಂಬರ್ ಪಡೆಯಿರಿ. ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಹೇಳಿದರೆ ಫೋನ್ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಜಾಗದ ಅಕ್ಷಾಂಶ ರೇಖಾಂಶ, ಸೆಲ್ ಐಡಿ, ಒಂದು ವಾರದ ಅಂಕಿ ಕೊಡಿ. ಪರಿಹಾರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಕೇರಿಯವರೆಲ್ಲ ಬೇರೆ ಬೇರೆಯಾಗಿ ದೂರಿದರೆ ಒಳ್ಳೆಯದು. ಕರೆಂಟ್ ಇದ್ದಾಗ, ಇಲ್ಲದಾಗ ಆದ ವ್ಯತ್ಯಾಸವನ್ನೂ ಅದರಲ್ಲಿ ಬರೆಯಿರಿ. ಬೂಸ್ಟರ್ ಇರುವ ಸುಳಿವು ಅವರಿಗೆ ಅದರಿಂದಲೇ ಸಿಗುವುದು.

ಈಗಾಗಲೇ ಬೂಸ್ಟರ್ ಹಾಕಿದ್ದರೆ ಇವತ್ತೇ ಅಡಾಪ್ಟರ್ ಕೀಳಿ. ‘ಗೇನ್ (ಹಿಗ್ಗಿಸುವ ಪ್ರಮಾಣ) ಕಮ್ಮಿ ಮಾಡಿ ಇಟ್ಟುಕೊಳ್ಳೋಣ’ ಎಂಬ ಯೋಚನೆ ಬೇಡ. ದುಡ್ಡು ಹೋಯಿತೆಂದು ಇನ್ನೊಂದು ಊರಿನವರಿಗೆ ದಾಟಿಸಬೇಡಿ, ಅಲ್ಲೂ ಒಂದು ಕೇರಿಯಿದೆ.