ಮನೆಯಲ್ಲಿ ಬರ್ನ್ ಮಾಡಿದ ಡಿವಿಡಿ ಪ್ಲೇಯರ್‌ನಲ್ಲಿ ತಡೆದು ತಡೆದು ಓಡುತ್ತಿದೆಯೇ? ಇಮೇಜ್‌ಬರ್ನ್ ಬಳಸಿ ಕಂಡದ್ದು

ಇಮೇಜ್‌ಬರ್ನ್ ಖಾಲಿ ಡಿಸ್ಕ್ ಮೇಲೆ ಬರೆಯಲು, ಅಂದರೆ ಬರ್ನ್ ಮಾಡಲು, ವಿಂಡೋಸ್‌ಗೆ ಇರುವ ಉಚಿತ ತಂತ್ರಾಂಶ. 2013ರ 2.5.8.0 ಆವೃತ್ತಿಯನ್ನೇ ನಾನು ಇವತ್ತಿಗೂ ಬಳಸುತ್ತಿದ್ದೇನೆ. ಮನೆಯ ವಿಡಿಯೊಗಳನ್ನು ಟಿವಿ ಪಕ್ಕದ ಪ್ಲೇಯರ್‌ನಲ್ಲಿ ನೋಡಲು ಡಿಸ್ಕ್ ಮಾಡುತ್ತೇನೆ. ರಿಮೋಟ್ ಒತ್ತಿದರೆ ಸಾಕು ಅನ್ನುವವರಿಗೆ ಈಗಲೂ ಅದೇ ಸುಲಭ, ಅಲ್ವಾ?

ಕಂಪ್ಯೂಟರ್‌ನಲ್ಲಿ ಸಲೀಸಾಗಿ ಓಡುವ ಡಿಸ್ಕ್ ಪ್ಲೇಯರ್‌ನಲ್ಲಿ ಸ್ಟಕ್ ಆದರೆ ಎಲ್ಲರೂ ಮೊದಲು ಪ್ಲೇಯರನ್ನೇ ಬೈಯುತ್ತಾರೆ. ಅದು ಅನ್ಯಾಯ. ಕಂಪ್ಯೂಟರ್ ಡ್ರೈವ್ ವೇಗವಾಗಿ ಓದುತ್ತದೆ, ಓದಲಾಗದ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ಪ್ಲೇಯರ್‌ನ ಬಫರ್ (ಓದಿದ್ದನ್ನು ತುಸು ಹೊತ್ತು ಇಟ್ಟುಕೊಳ್ಳುವ ಜಾಗ) ಚಿಕ್ಕದು. ಅದಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಹಾಗಾಗಿ ಎಲ್ಲಿ ತಡೆಯುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗುತ್ತದೆ. ಮೊದಲರ್ಧ ಚೆನ್ನಾಗಿದ್ದು ಕೊನೆಗೆ ಮಾತ್ರ ಚೌಕ ಚೌಕವಾಗಿ ಒಡೆದರೆ ಡಿಸ್ಕ್ ಮೇಲೆ ಅನುಮಾನ ಪಡಿ. ಒಂದು ಪದರದ ಡಿಸ್ಕ್ ಒಳಗಿನಿಂದ ಹೊರಗೆ ಬರ್ನ್ ಆಗುತ್ತದೆ. ಅಗ್ಗದ ಡಿಸ್ಕ್‌ಗಳು ಕೆಡುವುದು ಹೆಚ್ಚಾಗಿ ಹೊರ ಅಂಚಿನಲ್ಲೇ. ಅದಕ್ಕೇ ನಾನು ಡಿಸ್ಕನ್ನು ಅಂಚಿನವರೆಗೆ ತುಂಬುವುದಿಲ್ಲ. ಅಂಟಿಸುವ ಕಾಗದದ ಲೇಬಲ್ ಕೂಡ ಬೇಡವೇ ಬೇಡ. ತಿರುಗುವಾಗ ಸಮತೋಲನ ತಪ್ಪುತ್ತದೆ.

ಜನ ಓಡಾಡುವ, ನೀರು ಹರಿಯುವ ದೃಶ್ಯಗಳಲ್ಲಿ ಮಾತ್ರ ತಡೆದರೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಓದಬೇಕಾದ ದತ್ತಾಂಶ, ಜಾಸ್ತಿ ಇರಬಹುದು. ಡಿವಿಡಿ ನಿಯಮದ ಪ್ರಕಾರ ವಿಡಿಯೊ ಸೆಕೆಂಡಿಗೆ 9.8 ಮೆಗಾಬಿಟ್, ಎಲ್ಲ ಸೇರಿ 10.08 ಮೀರಬಾರದು. ಬರ್ನ್ ಮಾಡಿದ ಡಿಸ್ಕ್‌ಗೆ ಆ ಮಿತಿಯ ಹತ್ತಿರ ಹೋಗುವುದೂ ಬೇಡ. ನಾನು ಗರಿಷ್ಠ 8ರಲ್ಲೇ ನಿಲ್ಲಿಸುತ್ತೇನೆ. ಧ್ವನಿ ಪಿಸಿಎಂನಲ್ಲಿದ್ದರೆ (ಕುಗ್ಗಿಸದ ರೂಪ) ಅದೊಂದೇ ಸುಮಾರು 1.5 ಮೆಗಾಬಿಟ್ ತಿನ್ನುತ್ತದೆ. ಕುಗ್ಗಿಸಿದ ರೂಪವಾದ ಡಾಲ್ಬಿ ಡಿಜಿಟಲ್‌ಗೆ ಬದಲಾಯಿಸಿದರೆ ಸ್ಟೀರಿಯೊಗೆ 0.2 ಮೆಗಾಬಿಟ್ ಆಸುಪಾಸು ಸಾಕು.

ಮೊದಲಿನಿಂದ ಕೊನೆಯವರೆಗೂ, ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ಹಿಂದೆ ಮುಂದೆ ಜಗ್ಗಿದಂತಾದರೆ ಫೀಲ್ಡ್ ಆರ್ಡರ್, ಅಂದರೆ ಸಾಲು ಬಿಟ್ಟು ಸಾಲಾಗಿ ಎರಡು ಭಾಗವಾದ ಚಿತ್ರದಲ್ಲಿ ಯಾವ ಭಾಗ ಮೊದಲು ಅನ್ನುವ ಕ್ರಮ, ತಿರುವುಮುರುವಾಗಿರುತ್ತದೆ. ಹಳೆಯ ಡಿಜಿಟಲ್ ಕ್ಯಾಮೆರಾಗಳ ಡಿವಿ ಟೇಪ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ, ಪರಿವರ್ತಿಸುವಾಗ ಅದೇ ಕ್ರಮ ಇರಲಿ. ಕಂಪ್ಯೂಟರ್ ಪರದೆಯಲ್ಲಿ ಈ ದೋಷ ಕಣ್ಣಿಗೆ ಬೀಳದೆಯೂ ಇರಬಹುದು. ಇಮೇಜ್‌ಬರ್ನ್ ಇದನ್ನಾಗಲಿ ಬಿಟ್‌ರೇಟನ್ನಾಗಲಿ ಸರಿ ಮಾಡುವುದಿಲ್ಲ. ವಿಡಿಯೊ ಪರಿವರ್ತಿಸುವುದು ಅದರ ಕೆಲಸವೇ ಅಲ್ಲ. ಸಿದ್ಧವಾದ ವಿಡಿಯೊ ಟಿಎಸ್ (VIDEO_TS, ಡಿವಿಡಿ ರೂಪಕ್ಕೆ ತಂದ ಕಡತಗಳ) ಫೋಲ್ಡರ್ ಕೊಟ್ಟರೆ ಡಿಸ್ಕ್‌ಗೆ ಇಳಿಸಿಕೊಡುತ್ತದೆ, ಅಷ್ಟೇ.

ಆ ಕೆಲಸವನ್ನು ಮಾತ್ರ ತುಂಬಾ ಚೆನ್ನಾಗಿ ಮಾಡುತ್ತದೆ. ಬರ್ನ್ ವೇಗವನ್ನು ನಾವೇ ಆರಿಸಬಹುದು. ನಿಧಾನವಾದಷ್ಟೂ ಒಳ್ಳೆಯದು ಅಂತ ಹಲವರು ನಂಬಿದ್ದಾರೆ, ನಾನು ಒಪ್ಪುವುದಿಲ್ಲ. 16ಎಕ್ಸ್ (ಮೂಲ ವೇಗದ 16 ಪಟ್ಟಿನವರೆಗೆ ಬರೆಯಬಹುದಾದ) ಡಿಸ್ಕನ್ನು ಅತಿ ನಿಧಾನವಾಗಿ ಬರ್ನ್ ಮಾಡಿದರೆ ಫಲಿತಾಂಶ ಕೆಡುವುದೂ ಉಂಟು. 8ಎಕ್ಸ್ ನನಗೆ ಹಿಡಿಸಿದ ವೇಗ. ಬರ್ನ್ ಆದ ಮೇಲೆ ವೆರಿಫೈ ಮಾಡುವ, ಅಂದರೆ ಬರೆದದ್ದನ್ನು ಮತ್ತೆ ಓದಿ ಹೋಲಿಸುವ ಆಯ್ಕೆ ಇದೆ, ಅದನ್ನು ನಾನು ಎಂದೂ ತೆಗೆಯುವುದಿಲ್ಲ. ಆದರೆ ವೆರಿಫೈ ಪಾಸಾಯಿತು ಅಂದರೆ ನಿಮ್ಮ ಡ್ರೈವ್ ಓದಿತು ಅಂತ ಮಾತ್ರ. ಪ್ಲೇಯರ್ ಓದುತ್ತದೆ ಅಂತಲ್ಲ. ವೆರಿಫೈ ನಡೆಯುವಾಗ ಓದುವ ವೇಗ ಕೊನೆಯಲ್ಲಿ ಏಕಾಏಕಿ ಕುಸಿದರೆ ಆ ಡಿಸ್ಕನ್ನು ನಂಬಬೇಡಿ.

ನನಗೆ ತುಂಬಾ ಉಪಯೋಗವಾದದ್ದು ಬುಕ್ ಟೈಪ್, ಅಂದರೆ ತಾನು ಯಾವ ಬಗೆಯ ಡಿಸ್ಕ್ ಎಂದು ಡಿಸ್ಕ್ ಪ್ಲೇಯರ್‌ಗೆ ಹೇಳುವ ಗುರುತನ್ನು ಬದಲಿಸುವ ಸೌಲಭ್ಯ. ಡಿವಿಡಿ ಪ್ಲಸ್ ಆರ್ (DVD+R) ಡಿಸ್ಕನ್ನು ಡಿವಿಡಿ ರೋಮ್ (DVD-ROM, ಅಂಗಡಿಯ ಸಿನಿಮಾ ಡಿಸ್ಕ್‌ಗಳ ಬಗೆ) ಎಂದು ಗುರುತಿಸಿಕೊಳ್ಳುವಂತೆ ಮಾಡಬಹುದು. ಆಗ ಅದನ್ನು ಒಪ್ಪದ ಹಳೆಯ ಪ್ಲೇಯರ್‌ಗಳೂ ಎಷ್ಟೋ ಸಲ ಒಪ್ಪುತ್ತವೆ. ಇದನ್ನು ಬರ್ನ್ ಮಾಡುವ ಮುಂಚೆಯೇ ಹೊಂದಿಸಬೇಕು, ನಿಮ್ಮ ಡ್ರೈವ್ ಕೂಡ ಬೆಂಬಲಿಸಬೇಕು. ಮೈನಸ್ ಆರ್ (DVD-R) ಡಿಸ್ಕ್‌ಗಳಿಗೆ ಈ ದಾರಿ ಇಲ್ಲ.

ಕೊರತೆಗಳೂ ಇವೆ. ಪರದೆ ಹಳೆಯ ಕಾಲದ್ದು, ಸೆಟ್ಟಿಂಗ್‌ಗಳು ವಿಪರೀತ. ಇನ್‌ಸ್ಟಾಲ್ ಮಾಡುವಾಗ ಸುಮ್ನೆ ಮುಂದೆ ಮುಂದೆ ಒತ್ತಬೇಡಿ. ಬೇರೆ ತಂತ್ರಾಂಶ ಸೇರಿಸುವ ಆಯ್ಕೆ ಕಂಡರೆ ತೆಗೆದುಹಾಕಿ.

ಎರಡು ಪದರದ ಡಿಸ್ಕ್ ಬಳಸುವವರಿಗೆ ಇನ್ನೊಂದು ಮಾತು. ಪದರ ಬದಲಾಗುವ ಜಾಗವನ್ನೂ ಇದರಲ್ಲಿ ಆರಿಸಬಹುದು. ದೃಶ್ಯ ಬದಲಾಗುವ ಕಡೆ ಇಡಿ. ಅಲ್ಲಿ ಚಿತ್ರ ಅರೆಕ್ಷಣ ನಿಂತರೆ ಗಾಬರಿಯಾಗಬೇಡಿ, ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್‌ಗಳಲ್ಲೂ ಅದು ಆಗುತ್ತದೆ.