ಮಾವಿನ ಗಿಡದ ಬುಡದಲ್ಲಿ ಕತ್ತರಿಸಿದ ಚಿಗುರೆಲೆ ಬಿದ್ದಿದ್ದರೆ ಅಲ್ಲೇ ಬಿಡಬೇಡಿ

ಎಳೆ ಮಾವಿನ ಗಿಡ ಇಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆ ಬಿದ್ದು ಹೊಸ ಚಿಗುರು ಬರುವಾಗಲೇ ಎಲೆ ಕತ್ತರಿಸುವ ಮೂತಿಹುಳುವಿನ ಕಾಟ ಶುರುವಾಗುವುದು.

ನಮ್ಮ ತೋಟ ಶ್ರೀನಿವಾಸಪುರದ ಕಡೆ. ಬೇನಿಷಾ, ಮಲ್ಲಿಕಾ ಗಿಡಗಳು, ಇನ್ನೂ ಎದೆಯೆತ್ತರ. ಹೋದ ವರ್ಷ ಮುಂಗಾರಿಗೆ ತಾಮ್ರದ ಬಣ್ಣದ ಚಿಗುರು ಚೆನ್ನಾಗಿ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬುಡದಲ್ಲಿ! ಕತ್ತರಿ ಆಡಿಸಿದ ಹಾಗೆ ನೇರವಾದ ಅಂಚು. ಕುಡಿಯಲ್ಲಿ ಉಳಿದಿದ್ದು ಬರೀ ತೊಟ್ಟು, ಅದಕ್ಕಂಟಿದ ಎಲೆಯ ಚೂರು.

ತಮ್ಮ ಫೋಟೋ ತೆಗೆದುಕೊಂಡು ಔಷಧಿ ಅಂಗಡಿಗೆ ಹೋದ. ಅಂಗಡಿಯವರು ಸರಿಯಾಗಿ ನೋಡದೆಯೇ 'ಚಿಗುರು ರೋಗ' ಅಂದುಬಿಟ್ಟರು. ಒಂದು ಶಿಲೀಂಧ್ರನಾಶಕ, ಎರಡು ಕೀಟನಾಶಕ, ಮೇಲೊಂದು ಟಾನಿಕ್. ಎಲ್ಲವನ್ನೂ ಒಂದೇ ಟ್ಯಾಂಕಿಗೆ ಹಾಕಿ ಹೊಡೆಯಿರಿ ಅಂದರು. ಬಿದ್ದ ಎಲೆ ಏನು ಮಾಡೋದು ಅಂತ ಕೇಳಿದ್ದಕ್ಕೆ, 'ಪಾತಿಯಲ್ಲೇ ಇರಲಿ ಬಿಡಿ, ಗೊಬ್ಬರ ಆಗುತ್ತೆ' ಅಂದರಂತೆ. ನಮಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಮುಂದಿನ ಚಿಗುರೂ ಹೋಯಿತು. ಸಾಲದ್ದಕ್ಕೆ ಆ ಔಷಧಿಗೆ ಹಿಟ್ಟುತಿಗಣೆ ತಿನ್ನುವ ಗುಲಗಂಜಿ ಹುಳುಗಳೂ ಸತ್ತು, ಕೊಂಬೆಗಳಲ್ಲಿ ಹಿಟ್ಟುತಿಗಣೆ ಏರಿಕೊಂಡಿತು.

ಕೃಷಿ ವಿಜ್ಞಾನ ಕೇಂದ್ರದವರು ಬಂದಾಗ ಮೊದಲು ಕೈಗೆತ್ತಿಕೊಂಡಿದ್ದು ಬಿದ್ದಿದ್ದ ಎಲೆಯನ್ನೇ. ನಡುನರದ ಪಕ್ಕ ಸೂಜಿಯಿಂದ ಚುಚ್ಚಿದಂಥ ಗುರುತುಗಳಿದ್ದವು. ಉಗುರಿನಿಂದ ಬಿಡಿಸಿದರೆ ಒಳಗೆ ಸಣ್ಣ ಮೊಟ್ಟೆ. ಇದು ಎಲೆ ಕತ್ತರಿಸುವ ಮೂತಿಹುಳು. ಅಕ್ಕಿ ಕಾಳಿಗಿಂತ ಚಿಕ್ಕದು. ಹೆಣ್ಣು ಹುಳು ಎಳೆ ಎಲೆಯ ನರದಲ್ಲಿ ಮೊಟ್ಟೆಯಿಟ್ಟು, ಆಮೇಲೆ ಆ ಎಲೆಯನ್ನೇ ಕತ್ತರಿಸಿ ಬೀಳಿಸುತ್ತದೆ. ಮರಿ ಬಿದ್ದ ಎಲೆಯೊಳಗೇ ತಿಂದು ಬೆಳೆದು, ಮಣ್ಣಿಗಿಳಿದು ಕೋಶವಾಗುತ್ತದೆ. ಅಂದರೆ ಮೇಲೆ ಎಷ್ಟು ಔಷಧಿ ಹೊಡೆದರೂ ಮುಂದಿನ ಪೀಳಿಗೆ ಪಾತಿಯಲ್ಲೇ ಹಾಯಾಗಿ ಬೆಳೆಯುತ್ತಿರುತ್ತದೆ, ಅಲ್ವಾ?

ಹಾಗಾಗಿ ಚಿಗುರು ಬರುವಷ್ಟು ದಿನ ಬಿದ್ದ ಎಲೆಗಳನ್ನು ಆಗಾಗ ಆರಿಸಿ ಸುಟ್ಟುಬಿಡಿ. ಸುಮ್ನೆ ಬದುವಿನಾಚೆ ಎಸೆದರೆ ಸಾಲದು. ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಮೇಲೆ ಮೇಲೆ ಕೆದಕಿ ಬಿಸಿಲಿಗೆ ಬಿಡಿ. ಔಷಧಿ ಬೇಕೇ ಬೇಕು ಅಂದರೆ ಚಿಗುರು ಎಳೆಯದಾಗಿರುವಾಗಲೇ ಹೊಡೆಯಬೇಕು. ಎಲೆ ಬಲಿತು ಕಡುಹಸಿರಾದ ಮೇಲೆ ಈ ಹುಳು ಅದರ ತಂಟೆಗೇ ಬರುವುದಿಲ್ಲ. ಆಗ ಹೊಡೆದರೆ ದುಡ್ಡು ದಂಡ.

ಎಲೆ ಉದುರದೆ ಕುಡಿ ಬಾಡಿ ಜೋತುಬಿದ್ದಿದ್ದರೆ ಅದು ಬೇರೆ ಹುಳು, ಚಿಗುರು ಕೊರಕ. ಕುಡಿಯನ್ನು ಸೀಳಿ ನೋಡಿ, ಒಳಗೆ ಸುರಂಗ ಕಾಣುತ್ತದೆ. ಬಾಡಿದ ಭಾಗದಿಂದ ಸ್ವಲ್ಪ ಕೆಳಗೆ, ಹಸಿ ಇರುವ ಕಡೆ ಕತ್ತರಿಸಿ ಸುಡಬೇಕು.

ತೋರಿಸಲು ಹೋಗುವಾಗ ಫೋಟೋ ನೆಚ್ಚಿಕೊಳ್ಳಬೇಡಿ. ಬಿದ್ದ ಎಲೆ, ಕುಡಿ ಎರಡನ್ನೂ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ಯಿರಿ. ಯಾವ ಹುಳು ಅಂತ ಹೇಳದೆ ಮೂರ್ನಾಲ್ಕು ಬಾಟಲಿ ಮುಂದಿಡುವ ಅಂಗಡಿಯಿಂದ ಬರಿಗೈಲಿ ವಾಪಸ್ ಬನ್ನಿ.