ಮೂರು ಫಿಲ್ಟರ್ ಪೆಡಲ್, ಒಂದು ಪಿಟೀಲು

ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ಗೊತ್ತಲ್ವಾ? ಬೆರಳು ರಿಷಭದ ಹತ್ತಿರದಿಂದ ಮೇಲೆ ಹೋಗಿ, ಮತ್ತೆ ಇಳಿದು, ತೂಗುತ್ತಲೇ ಇರಬೇಕು. ಕಳೆದ ಎಂಟು ತಿಂಗಳಲ್ಲಿ ಆ ಒಂದು ಸ್ವರವನ್ನು, ವಾದ್ಯಕ್ಕೂ ಆಂಪ್‌ಗೂ ನಡುವೆ ಇಟ್ಟು ನಾದ ಬದಲಿಸುವ ಮೂರು ಅನಲಾಗ್ ಫಿಲ್ಟರ್ ಪೆಡಲ್‌ಗಳ ಮೂಲಕ ಎಷ್ಟು ಸಲ ನುಡಿಸಿದ್ದೇನೋ ಲೆಕ್ಕವಿಲ್ಲ. ಪಿಕಪ್ (ತಂತಿಯ ಅದುರನ್ನು ವಿದ್ಯುತ್ ಸಿಗ್ನಲ್ ಮಾಡುವ ಸಾಧನ) ಕೂರಿಸಿದ ಪಿಟೀಲು, ಆ ಸಿಗ್ನಲ್ ಬಲಪಡಿಸುವ ಒಂದು ಪ್ರೀಆಂಪ್, ಒಂದು ಪುಟ್ಟ ಕೀಬೋರ್ಡ್ ಆಂಪ್. ನಡುವೆ ಒಮ್ಮೆ ಡನ್‌ಲಪ್‌ನ ಕ್ರೈ ಬೇಬಿ ವಾಹ್, ಒಮ್ಮೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಮೈಕ್ರೋ ಕ್ಯೂ-ಟ್ರಾನ್, ಒಮ್ಮೆ ಮೂಗ್‌ನ ಎಂಎಫ್-101. ಗಿಟಾರ್ ನುಡಿಸುವವರು ಈ ಮೂರರ ಬಗ್ಗೆಯೂ ಬೇಕಾದಷ್ಟು ಬರೆದಿದ್ದಾರೆ. ಕಮಾನು ಹಿಡಿದವರು ಬರೆದದ್ದು ನನಗೆ ಸಿಕ್ಕಿದ್ದು ತುಂಬಾ ಕಡಿಮೆ, ಹೀಗೆ ಸ್ವರ ತೂಗುವ ಗಮಕ ಇಟ್ಟುಕೊಂಡು ಬರೆದದ್ದಂತೂ ಒಂದೂ ಸಿಗಲಿಲ್ಲ. ಅದಕ್ಕೇ ಇದು.

ಮೊದಲು ಒಂದು ಮಾತು. ಫಿಲ್ಟರ್ ಸಾಮಾನ್ಯವಾಗಿ ಹೊಸ ಸದ್ದು ಸೇರಿಸುವುದಿಲ್ಲ, ಇರುವುದರಲ್ಲಿ ಕಳೆಯುತ್ತದೆ. ಹಾಗಾಗಿ ಒಳಗೆ ಏನು ಹೋಗುತ್ತಿದೆ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಕಮಾನು ಎಳೆದಾಗ ತಂತಿ ಅದಕ್ಕೆ ಅಂಟಿಕೊಂಡು ಸ್ವಲ್ಪ ದೂರ ಹೋಗುತ್ತದೆ, ಫಟ್ಟನೆ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ. ಅದರ ಅಲೆಯನ್ನು ಚಿತ್ರ ಬರೆದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ, 19ನೇ ಶತಮಾನದಲ್ಲೇ ಹೆಲ್ಮ್‌ಹೋಲ್ಟ್ಸ್ ಇದನ್ನು ತೋರಿಸಿದ್ದರು. ಸಿಂಥಸೈಜರ್‌ಗಳು ಫಿಲ್ಟರ್‌ಗೆ ಕೊಡುವುದೂ ಹೆಚ್ಚಾಗಿ ಅದೇ ಗರಗಸದ ಅಲೆಯನ್ನೇ. ಅಂದರೆ ಪಿಟೀಲು ಹುಟ್ಟಿನಿಂದಲೇ ಫಿಲ್ಟರ್‌ಗೆ ಹೇಳಿ ಮಾಡಿಸಿದ ವಾದ್ಯ. ಗೆಳೆಯನೊಬ್ಬನ ಕೊಳಲಿಗೆ ಮೈಕ್ ಇಟ್ಟು ಇದೇ ಪೆಡಲ್‌ಗಳಿಗೆ ಕೊಟ್ಟು ನೋಡಿದೆವು. ಮಂದ್ರದಲ್ಲಿ ನಾಬ್ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಗೊತ್ತಾಗಲಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಸದ್ದೇ ಸಣ್ಣದಾಯಿತು. ಕೊಳಲಿನಲ್ಲಿ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟಿನ ಕಂಪನಗಳು, ಕಡಿಮೆ. ಕತ್ತರಿಸಲು ಬಟ್ಟೆಯೇ ಇಲ್ಲದಿದ್ದರೆ ಕತ್ತರಿ ಏನು ಮಾಡುತ್ತದೆ ಹೇಳಿ.

ಇನ್ನೊಂದು, ಪಿಟೀಲಿಗೆ ಸಾಮಾನ್ಯವಾಗಿ ಹಾಕುವ ಪಿಯೆಜೊ ಪಿಕಪ್ ಅನ್ನು ನೇರವಾಗಿ ಪೆಡಲ್‌ಗೆ ಚುಚ್ಚಬೇಡಿ. ಅದಕ್ಕೆ 1 ಮೆಗಾಓಮ್ ಅಥವಾ ಅದಕ್ಕಿಂತ ಜಾಸ್ತಿ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಮುಂದಿನ ಸಾಧನ ಒಡ್ಡುವ ತಡೆ) ಬೇಕು. ಕಡಿಮೆ ಇದ್ದರೆ ಕೆಳಗಿನ ನಾದವೆಲ್ಲ ಸೋರಿಹೋಗಿ ಸೊಳ್ಳೆ ಕೂಗಿದ ಹಾಗೆ ಕೇಳುತ್ತದೆ. ನಾನು ಮೊದಲ ಎರಡು ವಾರ ಪೆಡಲ್ ಸರಿಯಿಲ್ಲ ಅಂದುಕೊಂಡಿದ್ದೆ. ಪ್ರೀಆಂಪ್ ಬಂದ ದಿನವೇ ಅಭಿಪ್ರಾಯ ಬದಲಾಯಿತು.

ವಾಹ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಎಲ್ಲರ ಹತ್ತಿರವೂ ಇರುತ್ತದೆ, ಎರವಲು ಸಿಗುತ್ತದೆ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಅನ್ನುವ ಎಂಜಿನಿಯರ್ ಕೈಯಲ್ಲಿ ಹುಟ್ಟಿದ್ದು. ಒಂದು ಶಿಖರ, ಅಂದರೆ ಸುತ್ತಲಿನದ್ದಕ್ಕಿಂತ ಜೋರಾಗಿ ಕೇಳುವ ಒಂದು ಕಂಪನಾಂಕ. ಕಾಲನ್ನು ಮುಂದಕ್ಕೆ ಒತ್ತಿದರೆ ಅದು ಮೇಲೆ ಹೋಗುತ್ತದೆ, ಹಿಂದಕ್ಕೆ ತಂದರೆ ಕೆಳಗೆ ಬರುತ್ತದೆ. ಸುಮಾರು 400ರಿಂದ 2000 ಹರ್ಟ್ಸ್‌ವರೆಗೆ ಅಂದುಕೊಳ್ಳಿ. ಬಾಯಿ ಊ ಅನ್ನುವುದರಿಂದ ಆ ಅನ್ನುವವರೆಗೆ ತೆರೆದುಕೊಂಡ ಹಾಗೆ. ಪಿಟೀಲಿನಲ್ಲಿ ಮೊದಲ ಹತ್ತು ನಿಮಿಷ ಮೈ ಜುಮ್ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಹಂಸಧ್ವನಿಯ ಬಿಡಿ ಸ್ವರಗಳಿಗೆ ಒಂದೊಂದಕ್ಕೂ ಆ, ಈ, ಊ ಥರ ಒಂದೊಂದು ಸ್ವರಾಕ್ಷರ ಕೊಟ್ಟ ಹಾಗಿತ್ತು. ಆದರೆ ಕಾಲನ್ನು ಎಲ್ಲೇ ನಿಲ್ಲಿಸಿದರೂ ಆ ಮೂಗಿನ ಸದ್ದು ಹೋಗುವುದಿಲ್ಲ. ನಾದದ ಬುಡವನ್ನೂ ತುದಿಯನ್ನೂ ತೆಗೆದು ನಡುವಿನದ್ದನ್ನೇ ಮುಂದೆ ತಳ್ಳುತ್ತದೆ, ಅದೇ ಅದರ ಕೆಲಸ. ಪಿಯೆಜೊ ಪಿಕಪ್‌ನ ನಾದ ಮೊದಲೇ ಸ್ವಲ್ಪ ಮೂಗಿನದ್ದು, ಅದರ ಮೇಲೆ ಇದು. ಕ್ಲೀನ್ ಸದ್ದನ್ನು ಜೊತೆಗೆ ಬೆರೆಸಲು ಈ ಮಾದರಿಯಲ್ಲಿ ನಾಬ್ ಇಲ್ಲ. ಇದು ಗಿಟಾರ್‌ದು, ಅಲ್ಲೇ ಚೆನ್ನ.

ಎರಡನೆಯ ಪೆಡಲ್, ಮೈಕ್ರೋ ಕ್ಯೂ-ಟ್ರಾನ್, ಎನ್ವಲಪ್ ಫಿಲ್ಟರ್, ಬೇರೆಯೇ ಜಾತಿ. ಇದಕ್ಕೆ ಕಾಲು ಬೇಡ. ಒಳಗಿನ ಸರ್ಕ್ಯೂಟ್ ನೀವು ಎಷ್ಟು ಜೋರಾಗಿ ನುಡಿಸಿದಿರಿ ಅಂತ ನೋಡಿಕೊಂಡು ತಾನೇ ಫಿಲ್ಟರ್ ತೆರೆಯುತ್ತದೆ, ಸದ್ದು ಇಳಿದಂತೆ ಮುಚ್ಚುತ್ತದೆ. 1972ರಲ್ಲಿ ಮೈಕ್ ಬೀಗಲ್ ಮಾಡಿದ ಮ್ಯೂ-ಟ್ರಾನ್ 3 ಇದರ ಮೂಲ, ಸ್ಟೀವಿ ವಂಡರ್ ಅದನ್ನು ಕ್ಲಾವಿನೆಟ್ ಅನ್ನುವ ಕೀಬೋರ್ಡ್‌ಗೆ ಹಾಕಿದ್ದರು, ಜೆರ್ರಿ ಗಾರ್ಸಿಯಾ ಗಿಟಾರ್‌ಗೆ. ಕ್ಯೂ-ಟ್ರಾನ್ ಕೂಡ ಅದೇ ಬೀಗಲ್ ಕೈಯಿಂದ 1990ರ ದಶಕದಲ್ಲಿ ಬಂದದ್ದು. ನನ್ನದು ಅದರ ಚಿಕ್ಕ ರೂಪ, ಮೂರೇ ನಾಬ್: ಡ್ರೈವ್, ಮೋಡ್, ಕ್ಯೂ.

ಇದನ್ನು ಇಷ್ಟಪಡಬೇಕು ಅಂತಲೇ ತಂದಿದ್ದೆ. ತಂತಿಯನ್ನು ಬೆರಳಲ್ಲಿ ಮೀಟಿದರೆ ಸೊಗಸು, ಪ್ರತಿ ಮೀಟಿಗೂ ನೀರ ಹನಿ ಬಿದ್ದ ಹಾಗೆ. ಗೆಳೆಯನ ಬೇಸ್ ಗಿಟಾರ್‌ಗೆ ಹಾಕಿದರೆ ಕೋಣೆಯಲ್ಲಿದ್ದವರೆಲ್ಲ ತಲೆದೂಗಿದರು. ಕಮಾನು ತೆಗೆದುಕೊಂಡೆ ನೋಡಿ, ತೊಂದರೆ ಶುರುವಾಯಿತು. ಮೀಟಿದ ಸ್ವರ ಜೋರಾಗಿ ಹುಟ್ಟಿ ಆರಿಹೋಗುತ್ತದೆ, ಎನ್ವಲಪ್‌ಗೆ ಬೇಕಾದದ್ದು ಅದೇ. ಕಮಾನಿನ ಸ್ವರ ಹುಟ್ಟುವುದು ಮೆಲ್ಲಗೆ, ಆಮೇಲೆ ಇದ್ದಷ್ಟು ಹೊತ್ತೂ ಒಂದೇ ಮಟ್ಟ. ಫಿಲ್ಟರ್ ಒಮ್ಮೆ ತೆರೆದುಕೊಂಡರೆ ಹಾಗೇ ಬಾಯಿ ತೆರೆದು ಕೂತಿರುತ್ತದೆ. ಸರಿ, ತುಂಡು ಕಮಾನು ಹಾಕಿ ನುಡಿಸಿದರೆ ಸ್ವಲ್ಪ ಕೆಲಸ ಮಾಡುತ್ತದೆ ಅಂದುಕೊಂಡು ಸ್ವರಕಲ್ಪನೆ ನುಡಿಸಿದೆ, ಪರವಾಗಿಲ್ಲ ಅನ್ನುವಷ್ಟಿತ್ತು. ತೋಡಿಗೆ ಬಂದಾಗ ಮಾತ್ರ ಕೈಬಿಟ್ಟೆ. ಗಾಂಧಾರ ತೂಗುವಾಗ ಬೆರಳು ಜಾರಿದಂತೆಲ್ಲ ಸದ್ದಿನ ಮಟ್ಟ ಸ್ವಲ್ಪ ಸ್ವಲ್ಪ ಏರಿಳಿಯುತ್ತದೆ, ಕಿವಿಗೆ ಅದು ಗೊತ್ತಾಗುವುದೇ ಇಲ್ಲ, ಆದರೆ ಪೆಡಲ್‌ಗೆ ಗೊತ್ತಾಗುತ್ತದೆ, ಅದು ಪ್ರತಿ ಏರಿಳಿತಕ್ಕೂ ಫಡಫಡ ಅಂತ ತೆರೆದು ಮುಚ್ಚುತ್ತದೆ. ಗಮಕ ಎಲ್ಲಿ ಹೋಯಿತು ಅಂತ ಹುಡುಕಬೇಕು.

ಪೆಡಲ್ ತಪ್ಪಲ್ಲ ಇದು. ಮೀಟುವ ವಾದ್ಯಕ್ಕೆ ಮಾಡಿದ್ದು, ಮೀಟುವ ವಾದ್ಯಕ್ಕೆ ಅದ್ಭುತವಾಗಿದೆ. ನೀವು ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸುವವರಾದರೆ ಮೂರರಲ್ಲಿ ಮೊದಲು ಇದನ್ನೇ ನೋಡಿ ಅನ್ನುತ್ತೇನೆ. ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಇದ್ದರೆ ಅದನ್ನು ಇದರ ನಂತರ ಇಡಿ. ಮೊದಲೇ ಇಟ್ಟರೆ ಎಲ್ಲ ಮೀಟೂ ಒಂದೇ ಜೋರಾಗಿ, ಪೆಡಲ್‌ಗೆ ನಿಮ್ಮ ಕೈಯೇ ಕಾಣುವುದಿಲ್ಲ.

ಈಗ ಎಂಎಫ್-101. ಹೆಚ್ಚು ಬರೆಯಬೇಕಾದದ್ದು ಇದರ ಬಗ್ಗೆಯೇ.

ಬಾಬ್ ಮೂಗ್ 1998ರಲ್ಲಿ ಮೂಗರ್‌ಫೂಗರ್ ಅನ್ನುವ ಹೆಸರಲ್ಲಿ ಹೊರತಂದ ಪೆಡಲ್‌ಗಳಲ್ಲಿ ಇದೂ ಒಂದು. ಒಳಗಿರುವುದು ಅವರ ಸಿಂಥಸೈಜರ್‌ಗಳಲ್ಲಿದ್ದ ಲ್ಯಾಡರ್ ಫಿಲ್ಟರ್, ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಸರ್ಕ್ಯೂಟ್ ಚಿತ್ರದಲ್ಲಿ ಟ್ರಾನ್ಸಿಸ್ಟರ್‌ಗಳು ಏಣಿಯ ಮೆಟ್ಟಿಲ ಹಾಗೆ ಜೋಡಿಜೋಡಿಯಾಗಿ ನಿಂತಿರುತ್ತವೆ, ಅದಕ್ಕೇ ಆ ಹೆಸರು. 2018ರಲ್ಲಿ ತಯಾರಿಕೆ ನಿಂತಿತು, ಹಾಗಾಗಿ ನನ್ನದು ಸೆಕೆಂಡ್ ಹ್ಯಾಂಡ್. ಎರಡೂ ಬದಿಗೆ ಮರ, ಕರಿ ಮೈ, ಗುಂಡನೆ ದೊಡ್ಡ ನಾಬ್‌ಗಳು. ಬೋರ್ಡಿನ ಮೇಲೆ ಎರಡು ಮೂರು ಪೆಡಲ್‌ಗಳ ಜಾಗ ತಿನ್ನುತ್ತದೆ. ಮತ್ತೆ, ಇದರ ಅಡಾಪ್ಟರ್ 9 ವೋಲ್ಟ್ ಆದರೂ ನಡುವಿನ ಪಿನ್ ಪಾಸಿಟಿವ್, ಉಳಿದ ಬಹುಪಾಲು ಪೆಡಲ್‌ಗಳಿಗೆ ತದ್ವಿರುದ್ಧ. ಅಂಗಡಿಯೊಂದರಲ್ಲಿ "ಎಲ್ಲದಕ್ಕೂ ಆಗುತ್ತೆ ಸರ್" ಅಂತ ಕೊಟ್ಟ ಅಡಾಪ್ಟರ್ ಇದಕ್ಕೆ ಆಗುವಂಥದ್ದಲ್ಲ. ಚುಚ್ಚುವ ಮೊದಲು ಅದರ ಮೇಲಿನ ಚಿಹ್ನೆ ನೋಡಿದ್ದರಿಂದ ಪೆಡಲ್ ಉಳಿಯಿತು. ದಯವಿಟ್ಟು ನೀವೂ ನೋಡಿ.

ನಾದದ ಮಾತಿಗೆ ಬಂದರೆ, ಕಟ್‌ಆಫ್ ನಾಬ್ (ಎಲ್ಲಿಂದ ಮೇಲಿನದ್ದನ್ನು ಕತ್ತರಿಸಬೇಕು ಅಂತ ಹೇಳುವುದು) ಪೂರ್ತಿ ಬಲಕ್ಕೆ ಇಟ್ಟು ಪಂಚಮ ಹಿಡಿದು ಕಮಾನು ಎಳೆಯಿರಿ. ಇನ್ನೊಬ್ಬರ ಕೈಯಲ್ಲಿ ಮೆಲ್ಲಗೆ ನಾಬ್ ಇಳಿಸಲು ಹೇಳಿ. ಮೊದಲು ಹೋಗುವುದು ಕಮಾನಿಗೆ ಹಚ್ಚುವ ರೋಸಿನ್‌ನ ಸರಸರ. ಆಮೇಲೆ ಪಿಯೆಜೊದ ಗಾಜಿನಂಥ ಚುಚ್ಚು ಹೋಗುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಒಂದು ಜಾಗವಿದೆ, ಪಿಟೀಲು ತನ್ನ ದೊಡ್ಡಣ್ಣ ವಿಯೋಲ ಆಗುವ ಜಾಗ, ಎದೆಯಿಂದ ಬಂದ ದನಿ. ಇನ್ನೂ ಇಳಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದಾರೆ ಅನ್ನಿಸುತ್ತದೆ, ಕೊನೆಗೆ ಬರೀ ಗುಂಯ್ ಅನ್ನುವ ಮೂಲ ಸ್ವರ. ಇಷ್ಟೂ ಪ್ರಯಾಣದಲ್ಲಿ ಎಲ್ಲೂ ಜರ್ಕ್ ಇಲ್ಲ. ಕ್ಯೂ-ಟ್ರಾನ್‌ನಲ್ಲೂ ಹೀಗೆ ಮೇಲಿನದ್ದನ್ನು ಕತ್ತರಿಸುವ ಲೋ-ಪಾಸ್ ಇದೆ, ಆದರೆ ಅಲ್ಲಿ ಕಟ್‌ಆಫ್‌ಗೆ ಅಂತ ಒಂದು ನಾಬೇ ಇಲ್ಲ, ನಮಗೆ ಬೇಕಾದ ಕಡೆ ನಿಲ್ಲಿಸಿ ನುಡಿಸುವ ಹಾಗಿಲ್ಲ.

2-ಪೋಲ್, 4-ಪೋಲ್ ಅಂತ ಒಂದು ಸ್ವಿಚ್ ಇದೆ. ಒಂದು ಆಕ್ಟೇವ್‌ಗೆ 12 ಡೆಸಿಬಲ್ ಕತ್ತರಿಸಬೇಕಾ, 24 ಕತ್ತರಿಸಬೇಕಾ ಅನ್ನುವುದು ಅದು. 4ರಲ್ಲಿ ಪಿಟೀಲು ಅನ್ನುವ ಗುರುತೇ ಅಳಿದು ಸಿಂಥ್ ಆಗುತ್ತದೆ. 2ರಲ್ಲಿ ಕಮಾನಿನ ಉಸಿರು ಸ್ವಲ್ಪ ಉಳಿಯುತ್ತದೆ. ಆಲಾಪನೆಗೆ ನಾನು ಯಾವಾಗಲೂ 2ರಲ್ಲೇ ಇಡುತ್ತೇನೆ.

ರೆಸೊನೆನ್ಸ್ ನಾಬ್ ಹತ್ತಿರ ಎಚ್ಚರ ಬೇಕು. ಅದು ಕಟ್‌ಆಫ್ ಇರುವ ಕಡೆ ಒಂದು ಶಿಖರ ಎಬ್ಬಿಸುತ್ತದೆ. ನನ್ನ ಶ್ರುತಿ ಡಿ, ಅದರಲ್ಲಿ ತೋಡಿಯ ಗಾಂಧಾರ ಎಫ್ ಸುತ್ತಮುತ್ತ, ಅಂದರೆ 349 ಹರ್ಟ್ಸ್ ಹತ್ತಿರ. ಅದರ ಎರಡನೇ ಹಾರ್ಮೋನಿಕ್ 700ರ ಹತ್ತಿರ. ಶಿಖರವೂ 700ರಲ್ಲೇ ಇದ್ದರೆ, ಸ್ವರ ತೂಗಿದಂತೆಲ್ಲ ಆ ಹಾರ್ಮೋನಿಕ್ ಶಿಖರದ ಒಳಗೆ ಹೋಗಿ ಹೊರಗೆ ಬರುತ್ತದೆ, ಗಾಂಧಾರ ಒಮ್ಮೆ ಕೂಗುತ್ತದೆ, ಒಮ್ಮೆ ಪಿಸುಗುಟ್ಟುತ್ತದೆ. ಗಮಕದ ಮೇಲೆ ಇನ್ನೊಂದು ಗಮಕ, ಯಾರೂ ಹಾಕಿಲ್ಲದ್ದು! ಇದನ್ನು ಕಂಡುಕೊಂಡ ಮೇಲೆ ಹತ್ತರಲ್ಲಿ 3ಕ್ಕಿಂತ ಮೇಲೆ ನಾಬ್ ಹೋಗಿಲ್ಲ.

ಒಂದು ಸಲ ಮಾತ್ರ ಬೇಕೆಂದೇ ಪೂರ್ತಿ ಏರಿಸಿದ್ದೆ. 4-ಪೋಲ್‌ನಲ್ಲಿ ರೆಸೊನೆನ್ಸ್ ಮೇಲೆ ಹೋದರೆ ಫಿಲ್ಟರ್ ತಾನೇ ಹಾಡುತ್ತದೆ, ಶುದ್ಧವಾದ ಒಂದು ಸ್ವರ. ಅದನ್ನು 294 ಹರ್ಟ್ಸ್‌ಗೆ, ಷಡ್ಜಕ್ಕೆ ಸೇರಿಸಿ ಅದರ ಮೇಲೆ ನುಡಿಸಬಹುದಾ ಅಂತ ಆಸೆ. ಬೆಳಿಗ್ಗೆ ಚೆನ್ನಾಗಿತ್ತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಕೋಣೆ ಕಾದಂತೆ ಷಡ್ಜ ಮೆಲ್ಲಗೆ ಜಾರಿತು. ಟ್ರಾನ್ಸಿಸ್ಟರ್‌ಗೆ ಬಿಸಿ ತಾಗಿದರೆ ಹಾಗೇ. ಶ್ರುತಿಗೆ ತಂಬೂರಿ ಪೆಟ್ಟಿಗೆಯೇ ಸರಿ.

ಎಂಎಫ್-101ನಲ್ಲೂ ಎನ್ವಲಪ್ ಇದೆ, ಆದರೆ ಅದರ ಅಮೌಂಟ್ ನಾಬ್ ಅನ್ನು ಸೊನ್ನೆಗೆ ತಿರುಗಿಸಿಬಿಡಬಹುದು. ಆಗ ಫಿಲ್ಟರ್ ಅಲ್ಲಾಡುವುದಿಲ್ಲ. ಇದನ್ನು ಉಳಿಸಿಕೊಳ್ಳಲು ನನಗೆ ಇದಿಷ್ಟೇ ಕಾರಣ ಸಾಕು. ಗಮಕದಲ್ಲಿ ನಾದ ಆಗಲೇ ಚಲಿಸುತ್ತಿದೆ, ಅದು ಚಲಿಸುವಾಗ ಫಿಲ್ಟರ್ ಸುಮ್ನೆ ನಿಂತಿರಬೇಕು. ಸ್ವರ ನಿಂತಾಗ ಫಿಲ್ಟರ್ ಚಲಿಸಲಿ. ಎರಡೂ ಒಟ್ಟಿಗೆ ಕುಣಿದರೆ ಕೇಳುವವರಿಗೆ ಎರಡೂ ಸಿಗುವುದಿಲ್ಲ. ಕಟ್‌ಆಫ್ ಜಾಕ್‌ಗೆ ಎಕ್ಸ್‌ಪ್ರೆಶನ್ ಪೆಡಲ್ (ನಾಬಿನ ಕೆಲಸವನ್ನು ಕಾಲಲ್ಲಿ ಮಾಡುವ ಸಾಧನ) ಸೇರಿಸಿದ್ದೇನೆ. ತಾರಷಡ್ಜದಲ್ಲಿ ಉದ್ದ ಕಮಾನು ಹಿಡಿದಾಗ ಕಾಲನ್ನು ಮೆಲ್ಲಗೆ ಮುಂದಕ್ಕೆ ತರುತ್ತೇನೆ, ನಾದ ಮುಸುಕು ಸರಿಸಿದ ಹಾಗೆ ಬೆಳಗುತ್ತದೆ. ಗಾಂಧಾರಕ್ಕೆ ಇಳಿಯುವ ಮೊದಲು ಕಾಲು ನಿಲ್ಲಬೇಕು. ಕಾಲನ್ನು ನಿಲ್ಲಿಸುವುದು ಕಲಿಯಲು ಒಂದು ತಿಂಗಳು ಹಿಡಿಯಿತು, ಬೆರಳು ತೂಗಿದರೆ ಕಾಲೂ ತೂಗುತ್ತದೆ, ಇದು ಮೈಯ ಸ್ವಭಾವ. ಅಂದಹಾಗೆ, ಎಲ್ಲ ಕಂಪನಿಯ ಎಕ್ಸ್‌ಪ್ರೆಶನ್ ಪೆಡಲ್‌ಗಳ ಒಳಗಿನ ತಂತಿ ಜೋಡಣೆ ಒಂದೇ ಅಲ್ಲ, ಕೊಳ್ಳುವ ಮೊದಲು ಹಾಕಿ ನೋಡಿ.

ವಾಹ್ ಕೂಡ ಕಾಲಲ್ಲೇ ನಡೆಯುತ್ತದಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ವಾಹ್ ಶಿಖರವನ್ನು ಸರಿಸುತ್ತದೆ, ಇದು ಪರದೆಯನ್ನು ಸರಿಸುತ್ತದೆ. ಕೆಳಗಿನ ನಾದ ಇದರಲ್ಲಿ ಹಾಗೇ ಉಳಿಯುತ್ತದೆ. ಜೊತೆಗೆ ಮಿಕ್ಸ್ ನಾಬ್ ಇದೆ, ನಾನು ಅರ್ಧಕ್ಕಿಂತ ಸ್ವಲ್ಪ ಮೇಲೆ ಇಡುತ್ತೇನೆ, ಪಿಟೀಲೂ ಇರಲಿ, ಮೂಗ್ ಕೂಡ ಇರಲಿ ಅಂತ. ಹಾಗಂತ ಎಲ್ಲದಕ್ಕೂ ಇದೇ ಅಂತಲ್ಲ. ಬೇಸ್‌ಗೆ ಹಾಕಿದಾಗ ರೆಸೊನೆನ್ಸ್ ಏರಿಸಿದಂತೆ ಕೆಳಗಿನ ತೂಕ ಕಡಿಮೆಯಾಯಿತು, ಲ್ಯಾಡರ್ ಫಿಲ್ಟರ್‌ನ ಗುಣವೇ ಅದು. ಗೆಳೆಯ ಕ್ಯೂ-ಟ್ರಾನ್‌ಗೇ ವಾಪಸ್ ಹೋದ.

2022ರಲ್ಲಿ ಮೂಗ್ ಇವೇ ಪೆಡಲ್‌ಗಳನ್ನು ಸಾಫ್ಟ್‌ವೇರ್ ಆಗಿ ಬಿಟ್ಟಿತು. ರೆಕಾರ್ಡ್ ಮಾಡಿದ್ದಕ್ಕೆ ಆಮೇಲೆ ಹಾಕಲು ಚೆನ್ನಾಗಿದೆ, ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ನಾನು ಪ್ರತಿ ಸಲ ಸರಿ ಹೇಳಲಾರೆ. ನುಡಿಸುತ್ತಾ ಬಳಸುವುದೇ ಕಷ್ಟ, ಕಂಪ್ಯೂಟರ್ ಸದ್ದನ್ನು ತುಂಡುತುಂಡಾಗಿ (ಬಫರ್) ತೆಗೆದುಕೊಳ್ಳುವುದರಿಂದ ತಡವಾಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ ಒಂದು ದಾರಿಗೇ 2.7 ಮಿಲಿಸೆಕೆಂಡ್ ತಡ, ಹೋಗಿ ಬರುವಷ್ಟರಲ್ಲಿ ಇನ್ನೂ ಜಾಸ್ತಿ. ಕಿವಿಯ ಪಕ್ಕದಲ್ಲೇ ಪಿಟೀಲು ಇರುವವರಿಗೆ ಆ ಎರಡು ಸದ್ದುಗಳ ನಡುವಿನ ಸಂದು ಗೊತ್ತಾಗುತ್ತದೆ.

ಪಿಟೀಲಿಗೆ ಇದೆಲ್ಲ ಬೇಕಾ ಅಂತ ಮನೆಯಲ್ಲೇ ಕೇಳಿದವರಿದ್ದಾರೆ. ಮೈಸೂರು ಚೌಡಯ್ಯನವರು ನಾದ ದೊಡ್ಡದಾಗಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿಸಿದ್ದರು. ನಾನು ಅವರ ಹೆಸರು ಹೇಳಿ ನನ್ನ ಪೆಡಲ್‌ಗೆ ಒಪ್ಪಿಗೆ ಕೇಳುತ್ತಿಲ್ಲ. ವಾದ್ಯ ಎಂಥ ದನಿಯಲ್ಲಿ ಮಾತಾಡಬೇಕು ಅಂತ ನುಡಿಸುವವರು ಹುಡುಕುತ್ತಲೇ ಇದ್ದಾರೆ ಅಂತ ಹೇಳಿದೆ ಅಷ್ಟೆ.

ಸದ್ಯಕ್ಕೆ ನನ್ನ ಜೋಡಣೆ ಹೀಗಿದೆ: ಪ್ರೀಆಂಪ್, ಎಂಎಫ್-101, ಆಂಪ್. 2-ಪೋಲ್, ರೆಸೊನೆನ್ಸ್ 2, ಎನ್ವಲಪ್ ಸೊನ್ನೆ. ಡ್ರೈವ್ ಅನ್ನು ದೀಪ ಹಸಿರಿನಿಂದ ಹಳದಿಗೆ ತಿರುಗುವಷ್ಟಕ್ಕೆ ಇಟ್ಟಿದ್ದೇನೆ, ಕೆಂಪಾದರೆ ತಗ್ಗಿಸುತ್ತೇನೆ. ಎರವಲು ತಂದ ವಾಹ್ ವಾಪಸ್ ಕೊಟ್ಟಾಯಿತು. ಕ್ಯೂ-ಟ್ರಾನ್ ಗೆಳೆಯನ ಬೇಸ್ ಜೊತೆಗಿದೆ, ಕೇಳಿದರೂ ಕೊಡುವ ಹಾಗೆ ಕಾಣುತ್ತಿಲ್ಲ. ಮುಂದಿನ ವಾರ ಒಂದು ಚೆಲೋ ಎರವಲು ಸಿಗುತ್ತಿದೆ. ಅದರ ಕೆಳಗಿನ ತಂತಿಗೆ 4-ಪೋಲ್ ಹೇಗಿರುತ್ತದೆ ಅಂತ ನೋಡಬೇಕು.